ಕನ್ನಡಿಯಾದ ಕಾವಲಿ ಮತ್ತೆ ಕಪ್ಪಾಗುವವರೆಗೆ

ಬೆಳಗಿನ ನಾಲ್ಕೂ ಹತ್ತು. ಅಂಗಡಿಯ ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು ರಬ್ಬರ್ ಬೂಟಿಗೆ ಕಾಲು ತೂರಿಸುವಾಗ ಕಾವಲಿ ಅಕ್ಕ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುತ್ತಾರೆ. ಬಲಮಂಡಿ ಇಷ್ಟು ಬೇಗ ಮಾತು ಕೇಳುವುದಿಲ್ಲ. ಒಳಗೆ ಹೋದವರು ದೀಪ ಹಾಕುವ ಮೊದಲು ಕತ್ತಲಲ್ಲೇ ಕೈಚಾಚಿ ಒಲೆಯ ಮೇಲಿನ ಕಬ್ಬಿಣದ ಕಾವಲಿಯನ್ನು ಮುಟ್ಟುತ್ತಾರೆ, ಮಲಗಿದ ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ. ತಣ್ಣಗಿದೆ. ಅಂಟು ಹಿಡಿದಿಲ್ಲ. ಅದು ಖಾತರಿಯಾದ ಮೇಲೆಯೇ ದೀಪ.

ಆಮೇಲೆ ಗ್ಯಾಸು. ಕಾವಲಿಯಿಂದ ಒಂದು ಗೇಣು ಮೇಲೆ ಹಿಡಿದ ಅಂಗೈ ಐದು ಎಣಿಸುವಷ್ಟು ಹೊತ್ತೂ ನಿಲ್ಲಲಾರದಷ್ಟು ಕಾದಾಗ ಒಂದು ಚಮಚ ಎಣ್ಣೆ ಬೀಳುತ್ತದೆ. ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಅದನ್ನು ಮೂಲೆಮೂಲೆಗೂ ಹರಡುತ್ತಾರೆ. ಹರಡಿದ ಕೂಡಲೇ ಇನ್ನೊಂದು ಒಣ ಬಟ್ಟೆ ತೆಗೆದುಕೊಂಡು, ಈಗಷ್ಟೇ ಹಚ್ಚಿದ್ದನ್ನೆಲ್ಲ ಒರೆಸಿ ತೆಗೆಯುತ್ತಾರೆ.

“ಹಚ್ಚೋದು ಎಲ್ಲರಿಗೂ ಬರುತ್ತೆ. ಒರೆಸೋದೇ ಕೆಲಸ,” ಎನ್ನುತ್ತಾರೆ ಅವರು, ಕಣ್ಣು ಕಬ್ಬಿಣದ ಮೇಲೇ ಇಟ್ಟು. “ಎಣ್ಣೆ ಇದೆಯೋ ಇಲ್ವೋ ಅಂತ ಅನುಮಾನ ಬರಬೇಕು. ಅಷ್ಟೇ ಇರಬೇಕು. ಆಸೆಪಟ್ಟು ಜಾಸ್ತಿ ಬಿಟ್ರೋ, ಗೋಂದು ಆಗುತ್ತೆ.”

ಸಣ್ಣಗೆ ಹೊಗೆ ಏಳುತ್ತದೆ, ನಿಲ್ಲುತ್ತದೆ. ಒಂದು ಪದರ ಮುಗಿಯಿತು. ಅಂಗಡಿ ತೆರೆಯುವುದರೊಳಗೆ ಇನ್ನೂ ಎರಡು ಆಗಬೇಕು. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ, ಅರ್ಧ ಅಂಗುಲ ದಪ್ಪದ ಈ ಕಾವಲಿಯ ಬಣ್ಣ ಈಗ ಕಡು ಚಹಾದ ಹಾಗಿದೆ. ಮೂರು ತಿಂಗಳ ಹಿಂದೆ ಇದು ಉಕ್ಕಿನ ಚಮಚದ ಹಾಗೆ ಬೆಳ್ಳಗಿತ್ತು. ಅದಕ್ಕೂ ಮೊದಲು, ಐವತ್ತು ವರ್ಷ, ಇದ್ದಿಲಿಗಿಂತ ಕಪ್ಪಗಿತ್ತು. ಕಾವಲಿ ಅಕ್ಕನ ನಿವೃತ್ತಿಗೆ ಇನ್ನು ಉಳಿದಿರುವುದು ಹತ್ತು ತಿಂಗಳು. ಅಷ್ಟರೊಳಗೆ ಅದನ್ನು ಮತ್ತೆ ಕಪ್ಪಾಗಿಸಬೇಕು ಎಂಬುದು ಅವರು ತಾವೇ ಹೊತ್ತುಕೊಂಡ ಹೊರೆ.

ಅಂಗಡಿಯ ಹೆಸರು ‘ಕಿಟಕಿ’. ಕಾರ್ಖಾನೆಯ ಗೇಟಿನ ಎದುರು ಒಬ್ಬ ವೆಲ್ಡರ್ ತನ್ನ ಗ್ಯಾರೇಜಿನ ಗೋಡೆ ಒಡೆದು ಕಿಟಕಿ ಕೂರಿಸಿ, ಆರು ಗಂಟೆಯ ಪಾಳಿಗೆ ಓಡುವವರ ಕೈಗೆ ಬಿಸಿ ಬರ್ಗರ್ ಕೊಡಲು ಶುರು ಮಾಡಿದ್ದು ಐವತ್ತು ವರ್ಷದ ಹಿಂದೆ. ಅವರನ್ನು ಇಂದಿಗೂ ಎಲ್ಲರೂ ದೊಡ್ಡ ಯಜಮಾನರು ಎನ್ನುತ್ತಾರೆ. ಕಾರ್ಖಾನೆ ಮುಚ್ಚಿತು, ಯಜಮಾನರು ತೀರಿಕೊಂಡರು, ಕಿಟಕಿ ಮಾತ್ರ ಒಂದಿದ್ದದ್ದು ಹದಿನೇಳಾಯಿತು. ಎಲ್ಲವೂ ಸುತ್ತಮುತ್ತಲೇ. ತಾನು ಸೈಕಲ್ಲಿನಲ್ಲಿ ಹೋಗಿ ಕತ್ತಲಾಗುವುದರೊಳಗೆ ವಾಪಸು ಬರಲಾಗದ ಕಡೆ ಅಂಗಡಿ ಬೇಡ ಎಂದಿದ್ದರಂತೆ ಅವರು. ಬೆಲೆಯ ಹಲಗೆಯ ಮೇಲೆ ಮೂರೇ ಸಾಲು: ಸಣ್ಣದು, ದೊಡ್ಡದು, ಎರಡಂತಸ್ತು. ಈ ಸೀಮೆಯಲ್ಲಿ ಬೆಳೆದ ಮಕ್ಕಳು ಪರೀಕ್ಷೆ ಪಾಸಾದರೆ ಎರಡಂತಸ್ತು ತಿನ್ನುತ್ತಾರೆ. ಫೇಲಾದರೆ ಅಪ್ಪನಿಗೆ ಗೊತ್ತಾಗದ ಹಾಗೆ ಸಣ್ಣದು.

ಕಾವಲಿಯೂ ಆ ವೆಲ್ಡರ್ ಮಾಡಿಕೊಂಡದ್ದೇ, ಗುಜರಿಗೆ ಬಿದ್ದಿದ್ದ ಬಾಯ್ಲರಿನ ದಪ್ಪ ತಗಡು ಕತ್ತರಿಸಿ. ಕೂರಿಸುವಾಗ ಒಂದು ಮೂಲೆ ತುಸು ತಗ್ಗಾಯಿತು. ಮಾಂಸದ ಬಿಲ್ಲೆಗಳಿಂದ ಇಳಿದ ಕೊಬ್ಬೆಲ್ಲ ಹರಿದು ಆ ಮೂಲೆಗೇ ಬರತೊಡಗಿತು. ಚೆಲ್ಲುವುದೇಕೆಂದು ಅವರು ಹೆಚ್ಚಿದ ಈರುಳ್ಳಿಯನ್ನು ಅಲ್ಲಿ ಗುಡ್ಡೆ ಹಾಕಿದರು. ಜನ ಬೆರಳು ಚೀಪಿಕೊಂಡು ಮತ್ತೆ ಸಾಲಿಗೆ ನಿಂತದ್ದು ಆ ಈರುಳ್ಳಿಗೆ. ಅಂದಿನಿಂದ ಕಿಟಕಿಯ ಯಾವ ಹೊಸ ಕಾವಲಿ ಬಂದರೂ ಎಡಗಡೆಯ ಮುಂದಿನ ಮೂಲೆ ಒಂದು ನಾಣ್ಯದ ದಪ್ಪದಷ್ಟು ತಗ್ಗಿರಬೇಕು. ತಗ್ಗಿದೆಯೇ ಎಂದು ನೋಡುವವರು ಕಾವಲಿ ಅಕ್ಕ. ಅಳತೆಯ ಉಪಕರಣ ಏನೂ ಇಲ್ಲ, ಒಂದು ಲೋಟ ನೀರು ಸುರಿದು ಅದು ಎತ್ತ ಓಡುತ್ತದೆ ಎಂದು ನೋಡುತ್ತಾರೆ.

ಹದಿನೇಳು ಅಂಗಡಿ, ಮೂವತ್ತೊಂದು ಕಾವಲಿ. ವಾರದಲ್ಲಿ ಎರಡು ದಿನ ಅಕ್ಕ ಬಸ್ಸು ಹತ್ತಿ ಊರೂರು ಸುತ್ತಿ ಎಲ್ಲವನ್ನೂ ಮುಟ್ಟಿ ನೋಡಿ ಬರುತ್ತಾರೆ. ಚೀಲದಲ್ಲಿ ಬುತ್ತಿ, ಮಂಡಿಯ ಮುಲಾಮು, ಹೆರೆದೂ ಹೆರೆದೂ ಎರಡು ಬೆರಳಿನಷ್ಟು ಸವೆದ ಒಂದು ಹೆರೆಗತ್ತಿ. ಉಳಿದ ದಿನ ಈ ಒಂದನೇ ಕಿಟಕಿಯಲ್ಲೇ, ಬೆಳಗ್ಗೆ ನಾಲ್ಕರಿಂದ ಮಧ್ಯಾಹ್ನ ಒಂದರವರೆಗೆ. ಅಷ್ಟರಲ್ಲಿ ಸುಮಾರು ಮುನ್ನೂರ ಐವತ್ತು ಬಿಲ್ಲೆ ಅವರ ಕೈಯಲ್ಲಿ ಮಗುಚಿಕೊಳ್ಳುತ್ತವೆ. ಬಲಗೈಯ ಮುಂದೋಳಿನಲ್ಲಿ ಸುಟ್ಟ ಗೆರೆಗಳು ಎಷ್ಟಿವೆ ಎಂದರೆ, “ರೂಲು ಎಳೆದ ನೋಟ್‌ಬುಕ್ಕು” ಎಂದು ಅವರೇ ತೋರಿಸುತ್ತಾರೆ.

ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತನಾಲ್ಕು. ಕಾರ್ಖಾನೆಯಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ಗಂಡ ಹಾಸಿಗೆ ಹಿಡಿದಿದ್ದರು. ಮಗಳಿಗೆ ಇನ್ನೂ ಒಂದೂವರೆ ವರ್ಷ. ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ ಮೊದಲ ದಿನವೇ, ಯಜಮಾನರ ಕಣ್ಣಿಗೆ ಒಳ್ಳೆಯವಳಾಗೋಣ ಎಂದು, ಯಾರೂ ಹೇಳದೆ ಕಾವಲಿಗೆ ಸೋಪಿನ ನೀರು ಸುರಿದು ಉಜ್ಜಿದರು. “ದೊಡ್ಡ ಯಜಮಾನರು ಬಂದು ನೋಡಿ, ಬೈಯಲಿಲ್ಲ. ಒಂದು ಸ್ಟೂಲ್ ತಂದು ಪಕ್ಕದಲ್ಲಿ ಹಾಕಿದ್ರು. ಒಂದು ತಿಂಗಳು ಇದನ್ನ ಒರೆಸೋದು ಬಿಟ್ಟು ಬೇರೇನೂ ಮಾಡಬೇಡ ಅಂದ್ರು. ಬೈದಿದ್ರೆ ಅಳು ಬಂದು ಮನೆಗೆ ಹೋಗ್ತಿದ್ದೆ. ಆ ಸ್ಟೂಲ್ ಮೇಲೆ ಕೂತು ಕಲಿತುಬಿಟ್ಟೆ.”

ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡರು. ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅಮ್ಮನ ಜೊತೆಗೇ ಇದ್ದಾಳೆ. ಅವಳ ದೂರು ಕೇಳಿ: “ಅಮ್ಮನಿಗೆ ಇಬ್ಬರು ಮಕ್ಕಳು, ನಾನು ಮತ್ತೆ ಆ ಕಬ್ಬಿಣ. ಅದಕ್ಕೆ ಮಾತ್ರ ಒಂದು ದಿನಾನೂ ಬೈದಿಲ್ಲ.”

“ಅದು ಎದುರುತ್ತರ ಕೊಡಲ್ಲ,” ಎನ್ನುತ್ತಾರೆ ಅಕ್ಕ.

ಕಿಟಕಿಗೆ ಐವತ್ತು ತುಂಬುತ್ತದೆ ಎಂದಾಗ ಸಡಗರ ಶುರುವಾಯಿತು. ಈಗ ವ್ಯವಹಾರ ನೋಡಿಕೊಳ್ಳುವ ಯಜಮಾನಿ ದೊಡ್ಡ ಯಜಮಾನರ ಮಗಳು, ಚಿಕ್ಕವಳಿದ್ದಾಗ ಈರುಳ್ಳಿ ಮೂಟೆಯ ಮೇಲೆ ಕೂತು ಮಗ್ಗಿ ಬರೆದವರು. ಅವರ ಯೋಚನೆ ಚೆನ್ನಾಗಿಯೇ ಇತ್ತು. ಹಳೆಯ ಗಿರಾಕಿಗಳಲ್ಲಿ ನೂರು ಜನರನ್ನು ಒಂದನೇ ಕಿಟಕಿಗೆ ಕರೆಯುವುದು, ಮೊದಲ ಕಾವಲಿಯ ಮೇಲೇ ಬೇಯಿಸಿ ಬಡಿಸುವುದು, ಆಮೇಲೆ ಆ ಕಾವಲಿಯನ್ನು ಗೌರವದಿಂದ ಗೋಡೆಗೆ ಏರಿಸುವುದು. ಆಮಂತ್ರಣ ಅಚ್ಚಾಯಿತು. ಗೋಡೆಗೆ ನಾಲ್ಕು ಬೋಲ್ಟೂ ಬಿದ್ದವು.

ಈ ಅಂಗಡಿಯ ಮ್ಯಾನೇಜರಿಗೆ ಹುಡುಗರು ಇಟ್ಟ ಹೆಸರು ಲಕಲಕ. ಮೂವತ್ತೆಂಟು ವಯಸ್ಸು, ಎರಡು ಮಕ್ಕಳ ತಂದೆ. ನಲ್ಲಿ, ಗಾಜು, ಕಸದ ಡಬ್ಬಿ, ಕೊನೆಗೆ ತನ್ನ ಬೂಟೂ ಲಕಲಕ ಹೊಳೆಯದಿದ್ದರೆ ಆತನಿಗೆ ಊಟ ಸೇರದು. ಹೊಸ ಅಂಗಡಿಗಳಲ್ಲಿ ಲೆಕ್ಕದ ಮೇಜಿನಲ್ಲಿ ಕೂತು ಮೇಲೆ ಬಂದವನು, ಕಾವಲಿಯ ಹತ್ತಿರ ನಿಂತು ಬಂದವನಲ್ಲ. ಸಮಾರಂಭಕ್ಕೆ ಹತ್ತೊಂಬತ್ತು ದಿನ ಇದ್ದಾಗ, ಅಕ್ಕ ಬಸ್ಸಿನಲ್ಲಿ ಊರೂರು ಸುತ್ತುತ್ತಿದ್ದ ಹೊತ್ತಿನಲ್ಲಿ, ಆತ ತನ್ನ ರಜೆ ಖರ್ಚು ಮಾಡಿ, ಉಜ್ಜುವ ಮೆಷಿನ್ ಬಾಡಿಗೆಗೆ ತಂದು, ಎರಡು ದಿನ ಬೆವರು ಸುರಿಸಿದ. ಅಕ್ಕ ಬಂದಾಗ ಹೊದಿಕೆ ಸರಿಸಿ, “ಈಗ ನೋಡಿ ಅಕ್ಕ, ಕನ್ನಡಿ,” ಎಂದ.

“ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕಾವಲಿಯಲ್ಲಿ ನನ್ನ ಮುಖ ಕಂಡೆ,” ಎನ್ನುತ್ತಾರೆ ಅಕ್ಕ. “ನೋಡೋ ಹಾಗಿರಲಿಲ್ಲ.”

ಕಬ್ಬಿಣದ ಮೇಲಿನ ಆ ಕಪ್ಪು ಕೊಳೆಯಲ್ಲ. ಸಾವಿರಾರು ಬೆಳಗಿನ ಎಣ್ಣೆ, ಕೊಬ್ಬು, ಬೆಂಕಿ ಸೇರಿ ಕೂತ ಚರ್ಮ ಅದು. ಬಿಲ್ಲೆ ಅಂಟದೆ ಜಾರುವುದು ಅದರಿಂದ, ರುಚಿ ನಿಲ್ಲುವುದೂ ಅದರಿಂದ. ಆತನ ಮುಖದಲ್ಲಿದ್ದ ಹೆಮ್ಮೆ ನೋಡಿ ಅಕ್ಕ ಕೂಗಾಡಲಿಲ್ಲ. ಮೂಟೆಯ ಮೇಲೆ ಕೂತು, ಎಷ್ಟು ಹೊತ್ತು ಹಿಡಿಯಿತು ಎಂದಷ್ಟೇ ಕೇಳಿದರು.

“ಎರಡು ದಿನ ಅಕ್ಕ.”

“ಐವತ್ತು ವರ್ಷದ್ದನ್ನ ಎರಡೇ ದಿನದಲ್ಲಿ ತೆಗೆದ್ಯಾ. ಕೆಲಸಗಾರನೇ ಬಿಡಪ್ಪ.”

ಮಾತಿನ ಅರ್ಥ ಹೊಳೆಯಲು ಆತನಿಗೆ ಎರಡು ನಿಮಿಷ ಹಿಡಿಯಿತು. ಹೊಳೆದಾಗ ಮುಖ ಸುಣ್ಣವಾಯಿತು. ಯಜಮಾನಿಗೆ ಗೊತ್ತಾಗದ ಹಾಗೆ ಏನಾದರೂ ಮಾಡೋಣ ಅಕ್ಕ, ಕಪ್ಪು ಬಣ್ಣ ಏನಾದರೂ ಸಿಗುತ್ತದಾ ಎಂದು ಅಂಗಲಾಚಿದ. ಅಕ್ಕ ಹೇಳಿದ್ದು ಇಷ್ಟು: “ಕಪ್ಪು ಮಾಡೋದು ನನ್ನ ಕೆಲಸ. ಹೇಳೋದು ನಿನ್ನ ಕೆಲಸ. ಎರಡನ್ನೂ ನಾನೇ ಮಾಡು ಅನ್ನಬೇಡ.”

ಅಂದಿನಿಂದ ದಿನಕ್ಕೆ ಮೂರು ಪದರ. ಲಕಲಕ ಕೂಡ ನಾಲ್ಕೂ ಕಾಲಿಗೆ ಬಂದು ಶಟರ್ ಎತ್ತತೊಡಗಿದ. ಆರನೆಯ ದಿನ ಅಕ್ಕ ಈರುಳ್ಳಿ ಲೋಡು ಇಳಿಸಿಕೊಳ್ಳಲು ಹೋದಾಗ, ಬೇಗ ಆಗಲಿ ಎಂಬ ಆತುರಕ್ಕೆ ಆತ ಧಾರಾಳವಾಗಿ ಎಣ್ಣೆ ಬಿಟ್ಟ. ಇಡೀ ಕಾವಲಿ ಜೇನುಮೇಣದ ಹಾಗೆ ಅಂಟಂಟಾಯಿತು. ಸುಟ್ಟು ಹೆರೆದು ಮೊದಲಿನಿಂದ ಶುರು ಮಾಡಬೇಕಾಯಿತು. ಮರುದಿನ ಅಕ್ಕ ಹಿಂದಿನ ಕೋಣೆಯಿಂದ ಸ್ಟೂಲ್ ತಂದು ಆತನ ಮುಂದೆ ಹಾಕಿದರು. “ಕೂತ್ಕೋ. ಒರೆಸು. ಬಾಯಿ ಮುಚ್ಚಿಕೊಂಡು ಒರೆಸು.”

ಸಮಾರಂಭದ ಹಿಂದಿನ ದಿನ ಪರೀಕ್ಷೆಗೆಂದು ನಾಲ್ಕು ಬಿಲ್ಲೆ ಹಾಕಿದರು. ಒಂದೂ ಇಡಿಯಾಗಿ ಮೇಲೇಳಲಿಲ್ಲ, ಅರ್ಧ ಕಾವಲಿಯಲ್ಲೇ ಉಳಿಯಿತು. ಆಗ ಲಕಲಕ ಏಪ್ರನ್ ಬಿಚ್ಚಿಟ್ಟು, ಯಜಮಾನಿಯ ಮುಂದೆ ನಿಂತು ಎಲ್ಲ ಹೇಳಿದ. ಯಜಮಾನಿ ಬಂದು ಕಾವಲಿಯ ಉದ್ದಕ್ಕೂ ಕೈಯಾಡಿಸಿದರು. “ಅಪ್ಪ ಇದ್ದಿದ್ರೆ ನಿನ್ನನ್ನೇ ಇದರ ಮೇಲೆ ಹಾಕ್ತಿದ್ರು,” ಎಂದರು. ಆಮೇಲೆ ತಾವೇ ದಾರಿ ಹುಡುಕಿದರು: ಇದು ಮುಂದೆ ಇರಲಿ, ಹಿಂದಿರುವ ಇನ್ನೊಂದು ಕಾವಲಿಯಲ್ಲಿ ಬೇಯಿಸಿ ಕೊಡೋಣ, ಯಾರಿಗೆ ತಿಳಿಯುತ್ತದೆ.

“ಬೇಡಮ್ಮ,” ಎಂದರು ಕಾವಲಿ ಅಕ್ಕ.

“ನಾಳೆ ನೂರು ಜನ ಬರ್ತಾರೆ ಅಕ್ಕ. ನಾನು ಏನಂತ ಹೇಳಲಿ?”

“ಆಗಿದ್ದನ್ನೇ ಹೇಳಿ. ಅವರು ಐವತ್ತು ವರ್ಷದಿಂದ ತಿಂತಿದ್ದಾರೆ. ನಾವು ಸುಳ್ಳು ಕೊಟ್ರೆ ಅವರ ನಾಲಿಗೆಗೆ ಗೊತ್ತಾಗುತ್ತೆ. ಅವರು ಮರ್ಯಾದೆಗೆ ಏನೂ ಅನ್ನಲ್ಲ. ಅದೇ ಕಷ್ಟ.” ಆಮೇಲೆ ಸೇರಿಸಿದರು, “ಬಿಲ್ಲೆ ಅಂಟುತ್ತೆ, ಸರಿ. ಹಿಂದಿನ ಕಾವಲಿಯ ಕೊಬ್ಬು ತಂದು ಸುರಿದು, ತಗ್ಗಿನ ಮೂಲೆಯಲ್ಲಿ ಈರುಳ್ಳಿ ಮಾಡಬಹುದು. ಈರುಳ್ಳಿ ಇದರ ಮೇಲೆ, ಬಿಲ್ಲೆ ಹಿಂದೆ. ಹಾಗಂತಲೇ ಹೇಳಿ.”

ಮರುದಿನ ಮೈಕು ಹಿಡಿದ ಯಜಮಾನಿ, ಬರೆದು ತಂದಿದ್ದ ಭಾಷಣ ಮಡಚಿಟ್ಟು, ಮೂರೇ ವಾಕ್ಯದಲ್ಲಿ ನಡೆದದ್ದನ್ನು ಹೇಳಿದರು. ಸಾಲಿನಲ್ಲಿದ್ದವರು ಮುಖಮುಖ ನೋಡಿಕೊಂಡರು. ಮುಂದಿದ್ದ ನಿವೃತ್ತ ಬಸ್ ಡ್ರೈವರ್ ಟೋಪಿ ತೆಗೆದು ಬೋಳುತಲೆ ತಡವಿಕೊಂಡು, “ನನ್ನದೂ ಹಾಗೇ ಆಗಿದೆಯಮ್ಮ, ಯಾರೂ ಮೈಕು ಹಿಡೀಲಿಲ್ಲ,” ಎಂದಾಗ ನಗು ಹಿಂದಿನ ಸಾಲಿನವರೆಗೂ ಹರಿಯಿತು. ಲಕಲಕ ಕಿವಿಯವರೆಗೂ ಕೆಂಪಾಗಿ, ತಲೆ ಬಗ್ಗಿಸಿ ನೂರು ಬನ್ನು ಕತ್ತರಿಸಿದ. ತಗ್ಗಿನ ಮೂಲೆಯಲ್ಲಿ ಅಕ್ಕ ಬೇಯಿಸಿದ ಈರುಳ್ಳಿ ಹನ್ನೆರಡು ಕಿಲೋ.

ತಿಂದಾದ ಮೇಲೆ ಅದೇ ಡ್ರೈವರ್ ಕಿಟಕಿಗೆ ಬಂದು ಅಕ್ಕನನ್ನು ಕರೆದರಂತೆ. “ಈರುಳ್ಳಿ ಅದೇ. ಬಿಲ್ಲೆ ಪರವಾಗಿಲ್ಲ. ಯಾವಾಗ ಸರಿ ಹೋಗುತ್ತೆ?” ಅಕ್ಕನಿಗೆ ಆ ‘ಪರವಾಗಿಲ್ಲ’ ಎಂಬ ಮಾತು ಇಂದಿಗೂ ಚುಚ್ಚುತ್ತದೆ. ಅದನ್ನು ಹೇಳುವಾಗ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಚುತ್ತಾರೆ.

ಕಾವಲಿ ಗೋಡೆ ಹತ್ತಲಿಲ್ಲ. ಕೆಲಸವಿಲ್ಲದೆ ನೇತುಹಾಕಿದರೆ ಕಬ್ಬಿಣಕ್ಕೆ ತುಕ್ಕಲ್ಲದೆ ಬೇರೇನು ಬಂದೀತು ಎಂದು ಅಕ್ಕ ಕೇಳಿದ್ದಕ್ಕೆ ಯಜಮಾನಿ ಗೋಡೆಯ ಮಾತು ಕೈಬಿಟ್ಟರು. ಆ ನಾಲ್ಕು ಬೋಲ್ಟಿಗೆ ಈಗ ಗಿರಾಕಿಗಳು ಛತ್ರಿ ತಗುಲಿಸುತ್ತಾರೆ. ಲಕಲಕ ಕೆಲಸ ಕಳೆದುಕೊಳ್ಳಲಿಲ್ಲ. ಆತನ ಬೆಳಗಿನ ಸಹಿ ಮಾತ್ರ ಇನ್ನೂ ನಾಲ್ಕೂ ಕಾಲಿಗೇ ಬೀಳುತ್ತಿದೆ. ಆತನ ಬಟ್ಟೆ ಹಿಡಿಯುವ ರೀತಿ ಹೇಗಿದೆ ಎಂದು ಕೇಳಿದರೆ ಅಕ್ಕ ಮೂಗು ಮುರಿಯುತ್ತಾರೆ. “ಬರ್ತಾ ಇದೆ. ಈಗೀಗ ಹೊಳಪು ಕಂಡ್ರೆ ಹೆದರ್ತಾನೆ. ಅಲ್ಲಿಂದಲೇ ಶುರು.”

ಐದೂ ಇಪ್ಪತ್ತು. ಮೂರನೆಯ ಪದರದ ಹೊಗೆ ಆರಿದೆ. ಹೊರಗೆ ಪಾಳಿಯವರ ಸೈಕಲ್ಲುಗಳು ಬಂದು ನಿಲ್ಲುತ್ತಿವೆ, ಈಗ ಆಸ್ಪತ್ರೆಯ ಪಾಳಿ, ಗೋದಾಮಿನ ಪಾಳಿ. ಅಕ್ಕ ದಿನದ ಪರೀಕ್ಷೆಗೆ ನಾಲ್ಕು ಬಿಲ್ಲೆ ಇಡುತ್ತಾರೆ. ಹೆರೆಗತ್ತಿಯ ತುದಿ ತಾಗಿಸಿದರೆ ಮೊದಲನೆಯದು ಜಾರುತ್ತದೆ. ಎರಡನೆಯದೂ. ಮೂರನೆಯದೂ. ನಾಲ್ಕನೆಯದರ ಅಂಚು ಹಿಡಿದುಕೊಳ್ಳುತ್ತದೆ, ಉಗುರಿನಷ್ಟು ಹರಿದು ಉಳಿಯುತ್ತದೆ. ಪಕ್ಕದಲ್ಲಿ ನಿಂತ ಲಕಲಕ, “ಮುಕ್ಕಾಲು ಪಾಸು ಅಕ್ಕ,” ಎನ್ನುತ್ತಾನೆ.

“ಮುಕ್ಕಾಲು ಪಾಸಾದವರಿಗೆ ಎರಡಂತಸ್ತು ಕೊಡ್ತಾರಾ?” ಎಂದು ಅಕ್ಕ ಆ ಚೂರನ್ನು ಹೆರೆದು, ಜಾಗವನ್ನು ಒರೆಸುತ್ತಾರೆ. ಹತ್ತು ತಿಂಗಳ ನಂತರ ಬೀಳ್ಕೊಡುಗೆಗೆ ಏನು ಬೇಕೆಂದು ಯಜಮಾನಿ ಕೇಳಿದ್ದಾರಂತೆ, ವಾಚೋ, ಕುರ್ಚಿಯೋ, ಪ್ರವಾಸವೋ. ಅಕ್ಕ ಇನ್ನೂ ಯಾವುದನ್ನೂ ಆರಿಸಿಲ್ಲ. ಈಗ ಕೇಳಿದರೂ ಕಾವಲಿಯಿಂದ ಕಣ್ಣು ತೆಗೆಯುವುದಿಲ್ಲ.

“ನನ್ನ ಕೈಗೆ ಬಂದಾಗ ಇದು ಕಪ್ಪಗಿತ್ತು,” ಎನ್ನುತ್ತಾರೆ. “ಕಪ್ಪಗೇ ಒಪ್ಪಿಸಿ ಹೋಗ್ಬೇಕು. ಆಮೇಲೆ ವಾಚಾದರೂ ಕೊಡಲಿ, ಕುರ್ಚಿಯಾದರೂ ಕೊಡಲಿ.”