ಗುಲಾಬಿಗೆ ಮುಖ ತೊಳೆಸಿದ ದಿನಗಳು

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಆರೈಕೆ ಪಡೆದ ಜೀವವೆಂದರೆ ಒಂದು ಗುಲಾಬಿ ಗಿಡ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಪಟ್ಟು ಪಟ್ಟು ಸಾಕಾಗಿ ಈಗ ಸುಮ್ಮನೆ ಹೇಳುತ್ತಿದ್ದೇನೆ.

ಐವತ್ತರ ದಶಕದ ಕೊನೆ. ನಾನು ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತ. ಸಾಲುಮನೆಗಳಲ್ಲಿ ನಮ್ಮದೊಂದು, ಮುಂದೆ ಚಾಪೆ ಹಾಸುವಷ್ಟು ಅಂಗಳ. ಅಲ್ಲಿ ನನ್ನ ಹೆಂಡತಿ ಶಾರದೆ, ತವರು ಬಂಗಾರಪೇಟೆಯಿಂದ ತಂದ ಪನ್ನೀರು ಗುಲಾಬಿಯ ಕಡ್ಡಿ ನೆಟ್ಟಿದ್ದಳು. ಅವಳ ಅಮ್ಮ ಸಾಕಿದ ಗಿಡದ ಕಡ್ಡಿ ಅದು. ಆಮೇಲೆ ಅಮ್ಮ ತೀರಿಕೊಂಡರು; ಅಣ್ಣ ಗೋಡೆ ಕಟ್ಟಿಸುವಾಗ ತಾಯಿಗಿಡವನ್ನೂ ಕೀಳಿಸಿಬಿಟ್ಟ. ನಮ್ಮ ಗಿಡವೂ ಹೋದರೆ ಅಮ್ಮ ಬೆಳೆಸಿದ ಹೂವು ಇನ್ನೆಲ್ಲೂ ಇಲ್ಲ. "ರೀ, ನನ್ನ ಬೈದ್ರೂ ಬೈಕೊಳ್ಳಿ, ಅಮ್ಮನ ಗಿಡ ಮಾತ್ರ ಓಗಬಾರ್ದು" ಎಂದು ಶಾರದೆ ಹೇಳಿಯೂ ಇದ್ದಳು.

ಗುಲಾಬಿಯನ್ನು ಹೂಗಳ ರಾಣಿ ಎನ್ನುತ್ತಾರೆ. ರಾಣಿ ಎಂದ ಮೇಲೆ ಶತ್ರುಗಳು ಇರಲೇಬೇಕಲ್ಲ! ಮೊದಲು ದಂಡೆತ್ತಿ ಬಂದದ್ದು ಹಸಿರು ಹೇನು. ಮೊಗ್ಗಿಗೂ ಹೇನು ಬೀಳುತ್ತದೆಂದು ನನಗೆ ಗೊತ್ತಾದದ್ದೇ ಆಗ. ಹೊಗೆಸೊಪ್ಪಿನ ನೀರು ಒಳ್ಳೆಯದೆಂದು ಯಾರೋ ಹೇಳಿದರು; ಮರುದಿನ ನೋಡಿದರೆ ನನ್ನ ನಶ್ಯದ ಡಬ್ಬಿ ಖಾಲಿ. ಹೇನು ಸತ್ತವು, ನಾನು ಸೀನು ಬಾರದೆ ಪೇಚಾಡಿದೆ. ಹಿಂದಿನ ಋಷಿಗಳು ಲೋಕಕ್ಕಾಗಿ ಏನೇನೋ ತ್ಯಾಗ ಮಾಡಿದರಂತೆ. ಅವರಲ್ಲಿ ಯಾರೂ ನಶ್ಯ ಹಾಕುತ್ತಿರಲಿಲ್ಲವೆಂದು ಕಾಣುತ್ತದೆ.

ಚಳಿಗಾಲ ಬಂತು, ಎಲೆಗಳ ಮೇಲೆ ಬಿಳಿಯ ಹುಡಿ ಕಾಣಿಸಿತು. ಬೇರೆ ಊರಿನವರಾಗಿದ್ದರೆ ಗಾಬರಿಯಾಗುತ್ತಿದ್ದರು, ನಾವು ಆಗಲಿಲ್ಲ. ನಮ್ಮೂರಲ್ಲಿ ಬಿಳಿ ಹುಡಿ ಎಂದರೆ ಸೈನೈಡ್ ಗುಡ್ಡದ ಧೂಳು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟನ್ನು ಸುರಿದು ಸುರಿದು ಎದ್ದ ಗುಡ್ಡಗಳವು. ಗಾಳಿ ಬೀಸಿದರೆ ಅನ್ನದ ತಟ್ಟೆ, ಒಣಹಾಕಿದ ಸೀರೆ, ದೇವರ ಪಟ, ನನ್ನ ಬೋಳುತಲೆ ಎಲ್ಲದರ ಮೇಲೂ ಭೇದವಿಲ್ಲದೆ ಬಂದು ಕೂರುತ್ತಿತ್ತು. ಚಿನ್ನ ಎಲ್ಲಿಗೋ ಹೋಗುತ್ತಿತ್ತು, ಧೂಳು ನಮಗೆ ಉಳಿಯುತ್ತಿತ್ತು. ಹೀಗಾಗಿ ನಮ್ಮ ಸಾಲಿನ ಹೆಂಗಸರ ಕೈಯಲ್ಲಿ ಸದಾ ಒಂದು ಒದ್ದೆ ಬಟ್ಟೆ.

ಅದೇ ಬಟ್ಟೆಯಿಂದ ಶಾರದೆ ದಿನವೂ ಒಂದೊಂದೇ ಎಲೆ ಒರೆಸತೊಡಗಿದಳು, ಮಗುವಿಗೆ ಮುಖ ತೊಳೆಸಿದ ಹಾಗೆ. ಅವಳಿಗೆ ಸೊಂಟ ಹಿಡಿದುಕೊಂಡ ದಿನ ಪಕ್ಕದ ಮನೆಯ ಕಣ್ಣಮ್ಮ ಬಂದಳು. ತಮಿಳಿನಾಕೆ, ಬಹಳ ಒಳ್ಳೆಯವಳು. ನಮ್ಮ ಗಿಡ ಒರೆಸಿ, ಅದೇ ಬಟ್ಟೆಯಲ್ಲಿ ತನ್ನ ಎರಡು ಗಿಡಗಳನ್ನೂ ಒರೆಸಿಕೊಂಡಳು. ಸ್ವಲ್ಪ ದಿನದಲ್ಲೇ ಅವೂ ಬೆಳ್ಳಗಾದವು. "ಈ ಸಲ ಧೂಳು ರೊಂಬ ಜಾಸ್ತಿ, ಅಕ್ಕಾ" ಎಂದು ಕಣ್ಣಮ್ಮ ಗುಡ್ಡಕ್ಕೆ ಶಾಪ ಹಾಕಿದಳು. ನಾವೂ ಹಾಕಿದೆವು. ಎಲೆ ಮುರುಟಿತು, ಮೊಗ್ಗು ಅರಳದೆ ಕತ್ತು ಬಾಗಿಸಿತು. ಶಾರದೆಗೆ ಊಟ ಸೇರದಾಯಿತು. ನನಗೆ ಗಿಡಕ್ಕಿಂತ ಅವಳದೇ ಚಿಂತೆ ಹತ್ತಿತು.

ಒಂದು ಭಾನುವಾರ ಕೆಲಸವಿದ್ದು ಬಂಗಾರಪೇಟೆಗೆ ಹೋಗಿದ್ದೆ. ಅಲ್ಲಿನ ಸ್ಟೇಷನ್ ಮಾಸ್ಟರಿಗೆ ಗುಲಾಬಿಯ ಹುಚ್ಚು. ಪ್ಲಾಟ್‌ಫಾರಮ್ಮಿನ ಪಕ್ಕದಲ್ಲೇ ಬೆಳೆಸಿದ್ದರು. ನೋಡಿದರೆ ಅಲ್ಲೂ ಒಂದು ಗಿಡ ಬೆಳ್ಳಗಾಗಿದೆ! "ಅಯ್ಯೋ, ನಮ್ಮ ಗುಡ್ಡದ ಧೂಳು ಇಷ್ಟು ದೂರ ಬಂತೇ ಸ್ವಾಮಿ?" ಎಂದೆ. ಅವರು ನನ್ನನ್ನು ಟಿಕೆಟ್ಟಿಲ್ಲದವನ ಹಾಗೆ ನೋಡಿದರು.

"ಧೂಳಲ್ಲ ರೀ, ಬೂದಿ ರೋಗ. ಊದಿ ನೋಡಿ. ಧೂಳಾದ್ರೆ ಹಾರುತ್ತೆ, ಇದು ಕೂತ ಜಾಗ ಬಿಡಲ್ಲ. ಒರೆಸೋಕೆ ಮಾತ್ರ ಹೋಗ್ಬೇಡಿ, ಆ ಬಟ್ಟೆ ಮುಟ್ಟಿದ ಗಿಡಕ್ಕೆಲ್ಲಾ ಅಂಟುತ್ತೆ. ಕೆಟ್ಟ ಎಲೆ ಕಿತ್ತು ಸುಟ್ಟು, ಗಂಧಕದ ಪುಡಿ ಉದುರಿಸಿ."

ಊದಿದೆ. ಹಾರಲಿಲ್ಲ.

ಬರುತ್ತಾ ರಾಬರ್ಟ್‌ಸನ್‌ಪೇಟೆಯಲ್ಲಿ ಗಂಧಕ ಕಟ್ಟಿಸಿಕೊಂಡು ಬಂದೆ. ಇದನ್ನು ಗಿಡಕ್ಕೆ ಉದುರಿಸಬೇಕೆಂದು ಪೊಟ್ಟಣ ಬಿಚ್ಚಿದ್ದೇ ತಡ, ಶಾರದೆ ಕಿಡಿಕಿಡಿಯಾದಳು. "ಧೂಳು ಒರೆಸಿ ಒರೆಸಿ ನನ್ನ ಕೈ ಸವೀತು. ಈಗ ಅದೇ ಕೈಯಿಂದ ಅಮ್ಮನ ಗಿಡಕ್ಕೆ ಧೂಳು ಆಕಿಸ್ತೀರಾ? ಓಗ್ರೀ!"

ನಾನು ಎಲೆಯ ಮೇಲೆ ಊದಿ ತೋರಿಸಿದೆ. ಅವಳೂ ಊದಿದಳು, ಕೆನ್ನೆ ಉಬ್ಬಿಸಿಕೊಂಡು, ಮತ್ತೆ ಮತ್ತೆ. ಬಿಳುಪು ಅಲುಗಲಿಲ್ಲ. ಅವಳ ಕಣ್ಣು ತುಂಬಿತು. "ಅಂಗಾದ್ರೆ ನಾನೇ ಎಲ್ಲಾ ಕಡೆ ಅಂಟಿಸಿದ್ನಾ?"

"ಈ ಊರಲ್ಲಿ ಬಿಳೀದು ಕಂಡ್ರೆ ಯಾರು ಒರೆಸಲ್ಲ ಹೇಳು" ಎಂದೆ. ನಿಜವಾದ ಮಾತು ಅದು.

ಮರುದಿನ ಇಬ್ಬನಿ ಆರುವ ಮುಂಚೆ, ತೆಳುವಾದ ಬಟ್ಟೆಯಲ್ಲಿ ಗಂಧಕ ಗಂಟು ಕಟ್ಟಿ ಗಿಡದ ಮೇಲೆ ತಟ್ಟಿದೆವು. ಗಿಡ ಅರಿಶಿನ ಹಚ್ಚಿಸಿಕೊಂಡ ಮದುಮಗಳ ಹಾಗೆ ನಿಂತಿತು. ಸಂಜೆ ಕಚೇರಿಯಿಂದ ಬಂದರೆ ಗಿಡ ಫಳಫಳ! ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ಕಣ್ಣಮ್ಮ.

"ಯಾರೋ ಪಾಪಿ ಅಕ್ಕನ ಗಿಡಕ್ಕೆ ಅಳದಿ ಮಣ್ಣು ಆಕ್ಬುಟ್ಟಿದ್ದ ಸಾಮಿ. ನಲ್ಲಾ ಒರೆಸ್ಬುಟ್ಟೆ!"

ಅವಳ ಮುಖದ ಸಂತೋಷ ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ. ಶಾರದೆ ಅವಳನ್ನು ಕೂರಿಸಿಕೊಂಡು, ಊದಿಸಿ, ಎಲ್ಲ ತಿಳಿಸಿ ಹೇಳಿದಳು. ಎರಡು ಮನೆಯ ಒರೆಸುವ ಬಟ್ಟೆಗಳೂ ಒಲೆಗೆ ಹೋದವು. ಮೂರೂ ಗಿಡಗಳಿಗೆ ಮತ್ತೆ ಅರಿಶಿನವಾಯಿತು. ದಿನ ಕಳೆದಂತೆ ನಮ್ಮ ಗಿಡ ಕೆಂಪು ಚಿಗುರು ಬಿಟ್ಟಿತು, ಒಂದು ಮೊಗ್ಗು ಪೂರ್ತಿ ಅರಳಿತು. ಅಮ್ಮನ ಪಟಕ್ಕೆ ಏರುತ್ತದೆಂದು ನಾನು ಎಣಿಸಿದ್ದ ಆ ಹೂವನ್ನು ಶಾರದೆ ಕಣ್ಣಮ್ಮನ ತುರುಬಿಗೆ ಸಿಕ್ಕಿಸಿದಳು. "ಅಮ್ಮ ಇದ್ದಿದ್ರೂ ಇಂಗೇ ಮಾಡ್ತಿದ್ರು" ಎಂದಳು.

ಅದೇ ಸಂಜೆ ಜೋರಾಗಿ ಗಾಳಿ ಎದ್ದಿತು. ನಿಂತ ಮೇಲೆ ಹೊರಗೆ ಬಂದರೆ ಅಂಗಳವೆಲ್ಲ ಬಿಳುಪು, ಗಿಡವೂ ಬಿಳುಪು. "ಅಯ್ಯೋ, ರೋಗ ಮತ್ತೆ ಬಂತಲ್ಲೇ!" ಎಂದು ಕೂಗಿದೆ. ಶಾರದೆ ನಿಧಾನವಾಗಿ ಬಗ್ಗಿ, ಒಂದು ಎಲೆಯ ಮೇಲೆ ಉಫ್ ಎಂದು ಊದಿದಳು. ಹುಡಿ ಎದ್ದು ನೇರವಾಗಿ ನನ್ನ ಮುಖಕ್ಕೆ ಬಂತು. ಅಡಿಯಲ್ಲಿ ಎಲೆ ಹಸಿರಾಗಿತ್ತು.

"ಗಾಬರಿ ಬ್ಯಾಡ್ರೀ" ಎಂದು ನಕ್ಕಳು. "ಇದು ನಮ್ಮ ಧೂಳೇ."

ಆ ಗುಡ್ಡದ ಧೂಳು ಕಂಡು ಸಂತೋಷಪಟ್ಟವರು ಇಡೀ ಊರಿನಲ್ಲಿ ಅವತ್ತು ನಾವಿಬ್ಬರೇ ಇರಬೇಕು.