ಹಳ್ಳ ದಾಟುವ ತನಕ

ಆ ನಾಯಿ ನನ್ನ ಕೈ ನೆಕ್ಕಿತ್ತೋ ಇಲ್ಲವೋ, ಇಂದಿಗೂ ನನಗೆ ಖಾತ್ರಿಯಿಲ್ಲ. ಭಾನುವಾರ ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದಾಗ ಬೆರಳಿಗೆ ಏನೋ ಒದ್ದೆ ತಗುಲಿದ ನೆನಪಿದೆ. ಅದು ಮೊದಲೇ ಇದ್ದ ನೆನಪೋ, ಮುಂದೆ ಬೇಕಾದಾಗ ಹುಟ್ಟಿಕೊಂಡದ್ದೋ ಹೇಳಲಾರೆ.

ಎಪ್ಪತ್ತರ ದಶಕದ ನಡುವೆ ನಾನು ಧಾರವಾಡದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದೆ. ಬಾಡಿಗೆ ಮನೆ ಹಿಡಿದು, ಸ್ಟೋವ್ ತಂದಿಟ್ಟು ಕಾಯುತ್ತಿದ್ದೆ. ಹೆಂಡತಿ ನಮ್ಮೂರು ಸಂಶಿಯಲ್ಲೇ ಉಳಿದಿದ್ದಳು, ನಾಯಿಗಳಿಗಾಗಿ. ಊರು ಬಿಟ್ಟುಹಾಕಿದ ನಾಯಿಗಳನ್ನೆಲ್ಲ ಅವಳು ನಮ್ಮ ಹಳೆಯ ದನದ ಮನೆಯಲ್ಲಿ ಸಾಕುತ್ತಿದ್ದಳು. ಗಾಯಕ್ಕೆ ಹುಳ ಬಿದ್ದವು, ಕಣ್ಣು ಹೋದವು, ಚಕ್ಕಡಿ ಗಾಲಿಗೆ ಸಿಕ್ಕಿ ಹಿಂಗಾಲು ಕಳಕೊಂಡ ಒಂದು ಕಂದು ಹೆಣ್ಣುನಾಯಿ. ವರ್ಷಕ್ಕೆ ಸಾಲಬೇಕಾದ ಜೋಳ ದೀಪಾವಳಿಗೇ ತಳ ಕಾಣುತ್ತಿತ್ತು.

"ಜ್ವಾಳ ಮನಷ್ಯಾರಿಗೋ ನಾಯಿಗೋ ಅಂತ ಒಂದ್ಸಲ ಹೇಳಿಬಿಡವಾ, ನಾನೂ ಬಾಲ ಹಚ್ಕೊಂಡ ಬರ್ತೀನಿ" ಎಂದು ನನ್ನ ಅವ್ವ ಒಲೆಯ ಮುಂದಿನಿಂದ ಅನ್ನುತ್ತಿದ್ದಳು.

ಮರಿಯೊಂದು ಸತ್ತರೆ ಹೆಂಡತಿ ಆ ದಿನ ಉಣ್ಣುತ್ತಿರಲಿಲ್ಲ. ಧಾರವಾಡಕ್ಕೆ ಬಾ ಎಂದರೆ, "ಇವನ್ನ ಯಾರ ನೋಡ್ತಾರ್ರಿ?" ಅನ್ನುವಳು. ನೋಡಲು ಒಬ್ಬರಿದ್ದರು, ನನ್ನ ಸಂಕಟವೇ ಅದು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು, ನನ್ನದೇ ವಯಸ್ಸು. ಸಾಲೆ ಬಿಟ್ಟ ಮೇಲೆ ಬಂದು ನಾಯಿಗಳ ಉಣ್ಣಿ ಕೀಳುತ್ತಿದ್ದರು. ಅವರು ಏನು ಹೇಳಿದರೂ ಅವಳು ನಗುತ್ತಿದ್ದಳು. ನಾನು ಹೇಳಿದರೆ ಯೋಚಿಸುತ್ತಿದ್ದಳು.

ಒಂದು ನಾಯಿ ಹುಚ್ಚು ಹಿಡಿದು ಸತ್ತಿತು. ಅದರ ಬಾಯಿ ತೆರೆದು ಔಷಧಿ ಹಾಕಿದ್ದವರು ಇವರಿಬ್ಬರೇ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ಅಂದರೆ ದಿನವೂ ಇಬ್ಬರಿಗೂ ಒಂದೇ ಬಸ್ಸು. ಮೊದಲ ದಿನ ಜೊತೆಗೆ ಹೋಗಿದ್ದ ನಾನು, ನನಗೂ ನೆಕ್ಕಿದೆ ಎಂದು ಡಾಕ್ಟರಿಗೆ ಹೇಳಿದೆ.

"ನಿಮಗ್ಯಾವಾಗ ನೆಕ್ಕಿತ್ರಿ? ನೀವು ಅವುಗಳ ಬಾಜೂನೂ ಹಾಯಂಗಿಲ್ಲಲ್ಲ" ಎಂದಳು ಹೆಂಡತಿ.

"ಭಾನುವಾರ."

"ಸಂಶೆ ಇದ್ರ ಹಾಕಿಸ್ಕೊಂಡಬಿಡ್ರಿ. ಅಂಗಿ ಎತ್ರಿ" ಎಂದರು ಡಾಕ್ಟರು.

ಕಾಲೇಜಿಗೆ ರಜೆ ಹಾಕಿದೆ. ಆದರೆ ಬಸ್ಸಿನಲ್ಲಿ ಹೆಂಗಸರು ಮುಂದೆ ಕೂಡುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಹೀಗಾಗಿ ದಿನವೂ ಕೊನೆಯ ಸೀಟಿನಲ್ಲಿ ಮಾಸ್ತರರ ಪಕ್ಕ ಕೂತದ್ದು ನಾನೇ. ಹಳ್ಳದ ತನಕ ರಸ್ತೆ ಕೆಟ್ಟಿತ್ತು, ಬಸ್ಸು ನಡೆದುಹೋಗುವಷ್ಟು ನಿಧಾನ. ತಗ್ಗು ಬಂದಾಗಲೆಲ್ಲ ಇಬ್ಬರೂ ಬಾತ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು.

"ಏನ್ರಿ ಮಾಸ್ತರ, ಯಾರ ಮದವ್ಯಾಗ ಇಷ್ಟು ಉಂಡ್ರಿ ಇಬ್ರೂ?" ಎಂದ ಕಂಡಕ್ಟರ್.

"ಇವರ ಕರದಿದ್ರು" ಎಂದು ಮಾಸ್ತರರು ನನ್ನತ್ತ ಕೈ ಮಾಡಿ, ನನ್ನ ಅಂಗೈಗೆ ಶೇಂಗಾ ಸುರಿದರು. ಮುಂದಿನ ಸೀಟಿನಿಂದ ಅವಳ ನಗು ಕೇಳಿಸಿತು.

ಬಸ್ಸು ಸಂಶಿ ಬಿಟ್ಟ ಕೂಡಲೇ ಅವಳು ಹಿಂದಕ್ಕೆ ತಿರುಗುತ್ತಿದ್ದಳು. ಹಳ್ಳ ದಾಟುವ ತನಕ ನಮ್ಮ ಕಡೆಯೇ ನೋಡುವಳು. ನನ್ನನ್ನೋ, ಅವರನ್ನೋ? ಒಂದು ದಿನ ಮಾಸ್ತರರ ಎಡಕ್ಕೆ, ಇನ್ನೊಂದು ದಿನ ಬಲಕ್ಕೆ ಕೂತು ನೋಡಿದೆ. ಆ ಕಣ್ಣು ನನ್ನ ಮೇಲಂತೂ ನಿಲ್ಲಲಿಲ್ಲ. ಮನೆಯಲ್ಲೂ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ಮಾಸ್ತರರನ್ನೇ ಎಂದು ತೀರ್ಮಾನಿಸಿ, ಅವರ ಶೇಂಗಾ ತಿನ್ನುವುದನ್ನು ಬಿಟ್ಟೆ.

ಸೂಜಿ ಮುಗಿದವು. ಮರುವರ್ಷ ಮಾಸ್ತರರಿಗೆ ನವಲಗುಂದದ ಕಡೆ ವರ್ಗವಾಯಿತು. ಆಗಲೂ ಅವಳು ಬರಲಿಲ್ಲ. ಟ್ರಂಕು ಹಿಡಿದು ಧಾರವಾಡಕ್ಕೆ ಬಂದದ್ದು ಆ ಕುಂಟು ನಾಯಿ ಸತ್ತ ಮೇಲೆ. ಉಳಿದವನ್ನು ಅವ್ವ ಬೈಯುತ್ತಲೇ ನೋಡಿಕೊಂಡಳು.

ಬಹಳ ವರ್ಷಗಳ ನಂತರ ಆ ನೋಟದ ಬಗ್ಗೆ ಕೇಳಿದೆ. "ನಿಮ್ಮನ್ಯಾಕ ನೋಡ್ಲಿ?" ಎಂದಳು. "ನಿಮ್ಮ ಹಿಂದಿನ ಗ್ಲಾಸಿನ್ಯಾಗ ಕುಂಟಿ ಕಾಣ್ತಿತ್ತು. ಬಸ್ಸಿನ ಬೆನ್ನ ಹತ್ತಿ ಓಡ್ತಿತ್ತಲ್ಲ." ನಾನು ನಂಬಲಿಲ್ಲ. ಮಾಸ್ತರರನ್ನು ಬಿಟ್ಟು ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನನಗೆ ಇನ್ನೂ ಕಷ್ಟವಾಗಿತ್ತು.

ಮುಂದೆ ಸಂಶಿಗೆ ಹೋದಾಗ ಸ್ಟ್ಯಾಂಡಿನ ಚಹಾದಂಗಡಿಯ ಮುದಿ ಕಾಕಾನ ಹತ್ತಿರ, ನಾಯಿಯ ಮಾತೆತ್ತದೆ, ಆಗಿನ ಮುಂಜಾನೆಯ ಹುಬ್ಬಳ್ಳಿ ಬಸ್ಸಿನ ನೆನಪಿದೆಯೇ ಎಂದಷ್ಟೇ ಕೇಳಿದೆ.

"ಬಸ್ಸಿಂದೇನ್ರಿ, ಅದರ ಹಿಂದ ಓಡೋ ನಾಯೀದ ನೆನಪೈತಿ" ಎಂದ. "ನೀವು ಹಿಂದಿನ ಸೀಟಿನ್ಯಾಗ ಇರ್ತಿದ್ರಿ, ಒಮ್ಮಿನೂ ಹೊಳ್ಳಿ ನೋಡ್ಲಿಲ್ಲೇನು?"

ಇಷ್ಟು ಮಾತ್ರ ಖಾತ್ರಿ. ಆ ಮೂರು ಕಾಲಿನ ನಾಯಿ ಬಸ್ಸಿನ ಹಿಂದೆ ಹಳ್ಳದ ತನಕ ದಿನವೂ ಓಡುತ್ತಿತ್ತು.