ಬೆಲ್ಟು ಕಳಚಿದ ಬೆಳಿಗ್ಗೆ

ಇವತ್ತು ಬೆಳಿಗ್ಗೆ ಹುಲ್ಲು ಕತ್ತರಿಸುವ ಗಿಡ್ಡ ಟ್ರ್ಯಾಕ್ಟರಿನ ಅಡಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಎಂಜಿನ್ ಆರಿಸಿ, ಇಳಿದು, ಮಂಡಿಯೂರಿ ಬಗ್ಗಿ ನೋಡಿದೆ. ಬ್ಲೇಡುಗಳನ್ನು ತಿರುಗಿಸುವ ಬೆಲ್ಟು ಪುಲ್ಲಿಯಿಂದ ಕಳಚಿ ಜೋತುಬಿದ್ದಿತ್ತು. ಈ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ದೊಡ್ಡಮ್ಮ ನೆನಪಾಗುತ್ತಾಳೆ, ಅವಳ ಹಿಂದೆಯೇ ನಾಚಿಕೆಯೂ ಬರುತ್ತದೆ...

ಅಟ್ಟೂರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ದೊಡ್ಡ ಹುಲ್ಲುಹಾಸು ಇದೆ. ಆರತಕ್ಷತೆ ಮಾಡುವವರಿಗೆ ಬಾಡಿಗೆಗೆ ಕೊಡುತ್ತೇವೆ. ಮೊದಲು ಅದು ಹೊಲವಾಗಿತ್ತು, ರಾಗಿ, ಅವರೆ ಬೆಳೆಯುತ್ತಿದ್ದರು. ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮನೆ ಭಾಗವಾದಾಗ ಆ ಹೊಲ ಅವಳ ಪಾಲಿಗೆ ಬಂತು, ಅವಳು ಮಾತ್ರ ನಮ್ಮ ಮನೆಯಲ್ಲೇ ಉಳಿದಳು. ಸುತ್ತಮುತ್ತಲ ಹೊಲಗಳೆಲ್ಲ ಸೈಟುಗಳಾದ ಮೇಲೆ ಅಪ್ಪ ಅಲ್ಲಿ ಮದುವೆ ಲಾನ್ ಮಾಡುತ್ತೇನೆಂದು ಕೇಳಿದಾಗ, "ಮಾಡ್ಕೋ ಓಗಪ್ಪ, ಓಗೋವಾಗ ನಾನೇನ್ ತಲೆ ಮ್ಯಾಲೆ ಒತ್ಕೊಂಡ್ ಓಯ್ತೀನಾ" ಎಂದಳಂತೆ. ಅವರಿಬ್ಬರ ನಡುವೆ ಇದ್ದ ಕರಾರು ಅಷ್ಟೇ.

ದೊಡ್ಡಮ್ಮನ ಬಾಯಿ ಜೋರು, ಕೆಲಸಕ್ಕೆ ಕೈ ಇನ್ನೂ ಜೋರು. ಲಾನಿಗೆ ಹುಲ್ಲಿನ ಹಾಸು ತಂದು ಹೊದಿಸಿದ ದಿನ ಸೊಂಟಕ್ಕೆ ಕೈಯಿಟ್ಟು ನೋಡಿದ್ದಳು. "ತಿನ್ನೋಕೆ ಒಂದ್ ದನ ಇಲ್ಲ, ದುಡ್ ಕೊಟ್ಟು ಉಲ್ಲು ಬೆಳೀತಾರೆ" ಎಂದು ನಕ್ಕಿದ್ದಳು. ಅಪ್ಪ ಯಾವುದೋ ಕಾರ್ಖಾನೆಯ ತೋಟದವರು ಹರಾಜಿಗೆ ಹಾಕಿದ್ದ ಈ ಟ್ರ್ಯಾಕ್ಟರನ್ನು ತಂದಾಗ ಅವಳೇ ಮುಂದೆ ನಿಂತು ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಬೂಸ ಇಡಬೇಕೋ ಎಂದು ಕೇಳಿದ್ದಳು. ಅಪ್ಪನಿಗೆ ನಗು ಬರಲಿಲ್ಲ. ಆಗವನು ಹೊಸದಾಗಿ ಬಿಳಿ ಶರ್ಟು ಹಾಕಿ, ಬಂದವರಿಂದ ಓನರ್ ಎನ್ನಿಸಿಕೊಳ್ಳುತ್ತಿದ್ದ ಕಾಲ. ನಮ್ಮ ಮನೆಯವರು ಕುಡುಗೋಲು ಕೆಳಗಿಟ್ಟು ಬಹಳ ದಿನವಾಗಿರಲಿಲ್ಲ. ಅದಕ್ಕೇ ಅದನ್ನು ಕಂಡರೆ ನಮಗೆ ಅಷ್ಟು ಸಂಕೋಚ.

ಬೆಲ್ಟು ಮೊದಲ ಸಲ ಹೀಗೆ ಕಳಚಿದ ದಿನ ಸಂಜೆ ಒಂದು ಆರತಕ್ಷತೆ ಇತ್ತು. ಎರಡು ದಿನ ಮಳೆ ಹಿಡಿದಿದ್ದರಿಂದ ಹುಲ್ಲು ಕತ್ತರಿಸುವುದು ಅದೇ ಬೆಳಿಗ್ಗೆಗೆ ಬಂದು ನಿಂತಿತ್ತು. ಅಪ್ಪ ಅರ್ಧ ಲಾನ್ ಮುಗಿಸುವಷ್ಟರಲ್ಲಿ ಬೆಲ್ಟು ಕಳಚಿತು. ನಾನು ಆಗ ತಾನೇ ಬಿ.ಕಾಂ. ಮುಗಿಸಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಸಹಾಯಕ್ಕೆ ಹೋದೆ. ಬೆಲ್ಟನ್ನು ಮತ್ತೆ ಏರಿಸಿ ಲಿವರ್ ಎಳೆದರೆ ಬ್ಲೇಡು ತಿರುಗುತ್ತಿತ್ತು. ಸ್ವಲ್ಪ ದೂರ ಹೋದರೆ ವಾಸನೆ, ಆಮೇಲೆ ಟಪ್ ಎಂದು ಕಳಚಿಕೊಳ್ಳುತ್ತಿತ್ತು. ಬೆಲ್ಟು ಹಳೆಯದಾಯಿತು ಎಂದು ಅಪ್ಪ ಯಲಹಂಕಕ್ಕೆ ಹೋಗಿ ಹೊಸದು ತಂದ. ಅದೂ ಹಾರಿತು. ಅಂಗಡಿಯವನು ಅಳತೆ ತಪ್ಪಿದ್ದಾನೆ ಎಂದು ಬೈದ. ಬಿಗಿ ಸಾಲದು ಎಂದು ಸ್ಪ್ರಿಂಗನ್ನು ಎಳೆದು ಮುಂದಿನ ತೂತಿಗೆ ಸಿಕ್ಕಿಸಿದೆವು. ಈಗ ಕಳಚುವ ಬದಲು ಹೊಗೆಯೇ ಬಂತು.

ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಮ್ಮ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದಳು. ಅಪ್ಪ ಬೋಲ್ಟು ತಿರುಗಿಸುತ್ತಿದ್ದ ಪಾನಾ ಎಸೆದ. ಸೋಲದೇವನಹಳ್ಳಿಯವರೆಗೂ ಫೋನು ಮಾಡಿದೆವು, ಯಾರ ಹತ್ತಿರವೂ ಮಷೀನು ಸಿಗಲಿಲ್ಲ. ಅರ್ಧ ಕ್ಷೌರ ಮಾಡಿಸಿಕೊಂಡು ಎದ್ದುಬಂದ ತಲೆಯ ಹಾಗಿತ್ತು ನಮ್ಮ ಲಾನು. ಶಾಮಿಯಾನದವರು ಕುರ್ಚಿ ಇಳಿಸಿ, ಎಲ್ಲಿ ಹಾಕಲಿ ಎಂದು ಕೇಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಡುಗೋಲು ಹಿಡಿದು ಬಂದಳು.

"ಬ್ಯಾಡ ಅತ್ತಿಗೆ. ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು" ಎಂದ ಅಪ್ಪ.

"ಉಲ್ಲು ಕುಯ್ಯೋಳು ಅಂದ್ಕೋತಾರೆ. ಇನ್ನೇನ್ ಅಂದ್ಕೋತಾರೆ?"

ಕುಕ್ಕರುಗಾಲಲ್ಲಿ ಕೂತು ಶುರು ಮಾಡಿಯೇಬಿಟ್ಟಳು. ಎಡಗೈಯಲ್ಲಿ ಒಂದು ಹಿಡಿ ಹಿಡಿದು, ಕುಡುಗೋಲನ್ನು ನೆಲಕ್ಕೆ ಒರಗಿಸಿ ಎಳೆಯುತ್ತಾ, ಕೂತಲ್ಲಿಂದಲೇ ಮುಂದೆ ಸರಿಯುತ್ತಿದ್ದಳು. ಅಪ್ಪ ಬೇಡ ಎಂದದ್ದು ಅದೊಂದೇ ಸಲ. ಆಮೇಲೆ ಟ್ರ್ಯಾಕ್ಟರಿನ ಅಡಿಗೆ ತಲೆ ತೂರಿಸಿದವನು ಆ ಕಡೆ ನೋಡಲೇ ಇಲ್ಲ. ಅವಳು ಕೊಯ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು, ಅವಳು ಕೊಯ್ಯುವುದನ್ನು ಯಾರಾದರೂ ಕಂಡರೆ ಹೋಗುತ್ತಿತ್ತು. ಪಾಪ, ಅವನ ಫಜೀತಿಯೂ ಸಣ್ಣದಾಗಿರಲಿಲ್ಲ.

ಕಂಡೇಬಿಟ್ಟರು. ವೇದಿಕೆಯ ಅಲಂಕಾರ ನೋಡಲೆಂದು ಮದುಮಗಳ ತಾಯಿ ಮಧ್ಯಾಹ್ನಕ್ಕೆ ಮೊದಲೇ ಬಂದರು. ಒಳ್ಳೆಯ ಹೆಂಗಸು. ಕೆಲಸದವರಿಗೆಂದು ತಿಂಡಿ ಪೊಟ್ಟಣ ಕಟ್ಟಿಸಿ ತಂದಿದ್ದರು. ಬಿಸಿಲಲ್ಲಿ ಕೂತಿದ್ದ ದೊಡ್ಡಮ್ಮನ ಹತ್ತಿರ ಹೋಗಿ, "ತಗೋಮ್ಮ, ನೆರಳಲ್ಲಿ ಕೂತ್ಕೊಂಡ್ ತಿನ್ನು" ಎಂದು ಒಂದನ್ನು ಕೊಟ್ಟರು. ದೊಡ್ಡಮ್ಮ ಎರಡೂ ಕೈಯೊಡ್ಡಿ ಈಸಿಕೊಂಡಳು. ಆಮೇಲೆ ಆಕೆ ನಮ್ಮ ಕಡೆ ಬಂದರು.

"ಈ ಏಜಲ್ಲೂ ಎಷ್ಟ್ ನೀಟಾಗಿ ಕೆಲ್ಸ ಮಾಡ್ತಾರೆ ನೋಡಿ. ನಮ್ಮನೆ ಗಾರ್ಡನ್‌ಗೂ ಒಂದಿನ ಕಳಿಸ್ತೀರಾ?"

ಅಪ್ಪ ಎದ್ದು ನಿಂತು ಗ್ರೀಸಾದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ, ಇನ್ನೂ ಒರೆಸಿದ. ಕೊನೆಗೆ ನಗುತ್ತಾ, "ನೋಡೋಣ ಮೇಡಂ" ಎಂದ.

ದೊಡ್ಡಮ್ಮ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು. ಕುಡುಗೋಲು ಒಂದು ಕ್ಷಣ ನಿಂತು ಮತ್ತೆ ಆಡಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಅವ್ರು ಕೂಲಿಯವ್ರಲ್ಲ ಮೇಡಂ, ನಮ್ಮ ದೊಡ್ಡಮ್ಮ. ಈ ಜಾಗ ಅವರ್ದೇ" ಎಂದುಬಿಟ್ಟೆ. ಶಾಮಿಯಾನದ ಹುಡುಗರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದೆ. ನ್ಯಾಯ ಮಾಡಿದೆ ಎಂಬ ಹೆಮ್ಮೆ ಬೇರೆ.

ಆಕೆಯ ಮುಖ ಸಣ್ಣದಾಯಿತು. ಅಯ್ಯೋ, ಸಾರಿ ಎನ್ನುತ್ತಾ ದೊಡ್ಡಮ್ಮನ ಕಡೆಗೆ ಓಡಿಯೇ ಹೋದರು, ಕಾಲು ಮುಟ್ಟಲು ಬಗ್ಗಿದರು. ದೊಡ್ಡಮ್ಮ ಗಾಬರಿಯಾಗಿ ಹಿಂದೆ ಸರಿದಳು. ಅಪ್ಪನನ್ನು ನೋಡಿದಳು. ಅಪ್ಪ ಬೆಲ್ಟನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. ಅವಳು ಸ್ವಲ್ಪ ಹೊತ್ತು ಕಾದಳು. ಎಷ್ಟು ಹೊತ್ತೋ... ನನಗಂತೂ ಅದು ಇನ್ನೂ ಮುಗಿದಿಲ್ಲ. ಆಮೇಲೆ ಆಕೆಯ ಕಡೆ ತಿರುಗಿ ನಕ್ಕಳು.

"ಆ ಉಡ್ಗೀಗೆ ಬಾಯ್ ಜಾಸ್ತಿ ಕಣಮ್ಮ, ತಮಾಸೆ ಮಾಡ್ತದೆ. ನಾನು ಕೂಲಿಯೋಳೆ."

ಹೇಳಿ ಮತ್ತೆ ಕೂತು ಕೊಯ್ಯತೊಡಗಿದಳು. ಆಕೆ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಅಪ್ಪ ಬಗ್ಗಿ ಬೆಲ್ಟು ಏರಿಸತೊಡಗಿದ, ನಾನು ಪಾನಾ ಎತ್ತಿಕೊಟ್ಟೆ. ನಂಬಿದರೋ ಇಲ್ಲವೋ, ವೇದಿಕೆಯ ಕಡೆ ಹೊರಟುಹೋದರು. ನಾನು ಬಾಯಿ ಹಾಕದಿದ್ದರೆ, ಅವಳನ್ನು ಕೂಲಿಯವಳೆಂದು ಬೇರೆಯವರು ತಿಳಿದುಕೊಂಡದ್ದು ಅಲ್ಲಿಗೇ ನಿಲ್ಲುತ್ತಿತ್ತು. ಅದನ್ನು ಅವಳ ಬಾಯಿಂದಲೇ ಹೇಳಿಸಿದವಳು ನಾನಾದೆ.

ಸಂಜೆಯ ಹೊತ್ತಿಗೆ ಲಾನು ಒಂದೇ ಸಮನಾಗಿತ್ತು. ಜನ ಬಂದರು, ಊಟ ಮಾಡಿದರು, ಫೋಟೋ ತೆಗೆಸಿಕೊಂಡರು. ದೊಡ್ಡಮ್ಮ ಬೆನ್ನು ಹಿಡಿದುಕೊಂಡಿದೆ ಎಂದು ಒಳಗೇ ಮಲಗಿದ್ದಳು. ಮಾರನೆಯ ದಿನ ಅಪ್ಪ ಬ್ಲೇಡಿನ ಪೆಟ್ಟಿಗೆಯನ್ನೇ ಕಳಚಿ ಮಗುಚಿ ಹಾಕಿದ. ಬೆಲ್ಟನ್ನು ಬಿಗಿಹಿಡಿಯುವ ಸಣ್ಣ ಪುಲ್ಲಿ ತಿರುಗುತ್ತಲೇ ಇರಲಿಲ್ಲ. ಹಿಂದಿನ ಮದುವೆಗಳಲ್ಲಿ ಹುಲ್ಲಿಗೆ ಬಿದ್ದ ಹಾರಗಳ ನೂಲೆಲ್ಲ ಅದರ ಬುಡಕ್ಕೆ ಸುತ್ತಿಕೊಂಡು ಗಂಟಾಗಿತ್ತು. ಚಾಕುವಿನಿಂದ ಕೊಯ್ದು ತೆಗೆದ ಕೂಡಲೇ ಸರಾಗವಾಗಿ ತಿರುಗಿತು. ಎರಡು ಬೆರಳಿನ ಕೆಲಸ. ಹಿಂದಿನ ದಿನವೇ ಆ ಪುಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಮನೆಯಲ್ಲಿ ಆ ಬೆಳಗಿನ ಮಾತನ್ನು ಯಾರೂ ಎತ್ತಲಿಲ್ಲ. ಹಬ್ಬಕ್ಕೆ ಅಪ್ಪ ದೊಡ್ಡಮ್ಮನಿಗೆ ಒಳ್ಳೆಯ ಸೀರೆಯನ್ನೇ ತಂದ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು, ಉಟ್ಟಳು. ಮೊದಲಿನ ಹಾಗೆಯೇ ರೇಗಿಸುತ್ತಿದ್ದಳು, ನನ್ನನ್ನು, ನೆರೆಯವರನ್ನು, ಹಾಲಿನವನನ್ನು. ಅಪ್ಪನನ್ನು ಮಾತ್ರ ರೇಗಿಸುವುದನ್ನು ಬಿಟ್ಟಳು. ಅವನಿಗೆ ಅದು ತಿಳಿಯಿತು ಎಂದು ನನಗೆ ಗೊತ್ತು, ಏಕೆಂದರೆ ಊಟಕ್ಕೆ ಕೂತಾಗ ಅವನು ಬೇಕೆಂದೇ ಏನಾದರೂ ಪೆದ್ದು ಮಾತಾಡಿ ಅವಳ ಮುಖ ನೋಡುತ್ತಿದ್ದ. ಅವಳು ಸಾರು ಬಡಿಸಿ ಒಳಗೆ ಹೋಗುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಅವಳು ಹಾಸಿಗೆ ಹಿಡಿದಾಗ, ಒಂದು ಮಧ್ಯಾಹ್ನ ತಲೆ ಬಾಚುತ್ತಾ ಕೇಳಿದೆ. ಅವತ್ತು ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತಾ ದೊಡ್ಡಮ್ಮ, ಎಂದು. ಮರೆತಿರಬಹುದು ಅಂದುಕೊಂಡಿದ್ದೆ. ಯಾವತ್ತು ಎಂದು ಅವಳು ಕೇಳಲಿಲ್ಲ.

"ನೀ ಏಳಿದ್ದು ಸರೀನೇ ಕಣವ್ವ. ಏಳ್ಬೇಕಾದೋನು ಅಲ್ಲೇ ನಿಂತಿದ್ನಲ್ಲ..."

ಅಷ್ಟು ಹೇಳಿ ಗೋಡೆಯ ಕಡೆಗೆ ಹೊರಳಿದಳು. ಆ ಬೇಸಿಗೆ ದಾಟಲಿಲ್ಲ. ಈ ಮಾತನ್ನು ನಾನು ಅಪ್ಪನಿಗೆ ಹೇಳಿಲ್ಲ.

ಈಗ ಅಪ್ಪನಿಗೂ ವಯಸ್ಸಾಗಿದೆ. ಹುಲ್ಲು ಕತ್ತರಿಸುವುದು, ಬೆಲ್ಟು ಏರಿಸುವುದು ಎಲ್ಲ ನನ್ನ ಪಾಲಿಗೆ ಬಂದಿದೆ. ಅವನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಲಾನ್ ನೋಡಲು ಬಂದವರನ್ನೆಲ್ಲ ನಿಲ್ಲಿಸಿ, ಯಾರೂ ಕೇಳದಿದ್ದರೂ, ಇದು ನಮ್ಮ ಅತ್ತಿಗೆಯ ಜಮೀನು ಎಂದು ಶುರು ಮಾಡುತ್ತಾನೆ. ಒಂದು ಸಲ, ಒಬ್ಬರ ಮುಂದೆ ಹೇಳಿದ್ದರೆ ಸಾಕಾಗಿದ್ದನ್ನು ಈಗ ಕಂಡಕಂಡವರಿಗೆಲ್ಲ ಹೇಳುತ್ತಾನೆ. ಕೇಳಬೇಕಾಗಿದ್ದವಳು ಇಲ್ಲ. ಅವನು ಬಾಯಿ ತೆರೆದರೆ ನಾನು ಕೆಲಸ ಹುಡುಕಿಕೊಂಡು ದೂರ ಹೋಗುತ್ತೇನೆ.

ಇವತ್ತು ಹೋಗಲಾಗಲಿಲ್ಲ, ಟ್ರ್ಯಾಕ್ಟರು ಗೇಟಿನ ಪಕ್ಕದಲ್ಲೇ ನಿಂತಿತ್ತು. ಗಂಡ ಹೆಂಡತಿ ಇಬ್ಬರು ಮಗನ ಮದುವೆಗೆ ಜಾಗ ನೋಡಲು ಬಂದರು.

"ಇದು ನಮ್ ಅತ್ತಿಗೆ ಜಮೀನು ಸರ್. ಅವ್ರೇ ಕೂತ್ಕೊಂಡು ಕೈಯಲ್ಲಿ ಹುಲ್ಲು ಕುಯ್ದಿದಾರೆ ಇಲ್ಲಿ" ಎಂದ ಅಪ್ಪ.

"ಹೌದಾ? ಈಗೆಲ್ಲಿದಾರೆ ಅವ್ರು?" ಎಂದು ಆ ಹೆಂಗಸು ಕೇಳಿದರು. ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ನಾನು ಪುಲ್ಲಿಯ ಮೇಲಿನ ಕೈ ತೆಗೆಯಲಿಲ್ಲ, ತಲೆಯೂ ಎತ್ತಲಿಲ್ಲ.

"ಇಲ್ಲಮ್ಮ. ಹೋಗ್ಬಿಟ್ರು" ಎಂದ.

ಆಕೆ ಛೇ ಎಂದರು. ಗಂಡ ಲಾನಿನ ಸುತ್ತ ಒಮ್ಮೆ ಕಣ್ಣಾಡಿಸಿ, ಪಾರ್ಕಿಂಗಲ್ಲಿ ಎಷ್ಟು ಕಾರು ನಿಲ್ಲುತ್ತವೆ ಎಂದು ಕೇಳಿದರು. ಅಪ್ಪ ಇನ್ನೂ ನನ್ನ ಕಡೆಗೇ ನೋಡುತ್ತಿದ್ದ. ನಾನೇ ಎದ್ದು, ಕೈ ಒರೆಸಿಕೊಂಡು, ಅರವತ್ತು ನಿಲ್ಲುತ್ತೆ ಸರ್, ಎಂದೆ.